ಅಕ್ಕ, ಮಕ್ಕಳನ್ನೂ ಒಳಗೆ ಬಿಡ್ತಾರಾ?

ಗಂಗಾವಳಿ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಅಂಕೋಲಾ ಕಡೆಯವಳು. ಊರಿನ ಹೆಸರು ಹೇಳುವುದಿಲ್ಲ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ದಾಸವಾಳದ ಬೇಲಿ ಒಂದೇ. ಆ ಮನೆಯಲ್ಲಿ ಪಾತ್ರೆ ಬಿದ್ದರೆ ಇಲ್ಲಿ ಕೇಳುತ್ತದೆ. ಬಿದ್ದದ್ದೋ ಬಿಸಾಡಿದ್ದೋ ಅಂತಲೂ ಗೊತ್ತಾಗುತ್ತದೆ. ಅಷ್ಟು ವರ್ಷದಿಂದ ಕೇಳುತ್ತಿದ್ದೇವೆ.

ಆ ಮನೆಯ ಹೆಂಗಸಿನ ಗಂಡ ಬೋಟಿಗೆ ಹೋಗುವವನು. ಜೂನ್ 1ರಿಂದ ಜುಲೈ 31ರ ತನಕ ಯಂತ್ರದ ಬೋಟು ಕಡಲಿಗೆ ಇಳಿಯುವಂತಿಲ್ಲ. 61 ದಿನ. ಉಳಿದವರಿಗೆ ಅದು ಬಲೆ ರಿಪೇರಿಯ ಕಾಲ, ಅವಳಿಗೆ ದಿನ ಎಣಿಸುವ ಕಾಲ. ಹೋದ ವರ್ಷ ಕೈ ಮುರಿದಿತ್ತು. ಆಸ್ಪತ್ರೆಯಲ್ಲಿ ಬಾವಿಕಟ್ಟೆ ಹತ್ತಿರ ಜಾರಿ ಬಿದ್ದೆ ಅಂದಳು. ಈ ಸಲ ಮಗಳ ಮೇಲೂ ಕೈ ಮಾಡಿದ್ದಾನೆ. ಮಗಳು ಏಳನೇ ಕ್ಲಾಸು, ಮಗ ಮೂರನೇದು.

ಮೀನು ತರುವವಳೊಬ್ಬಳು ಹೇಳಿದಳು, ಕ್ರಿಶ್ಚಿಯನ್ ಸಿಸ್ಟರ್‌ಗಳ ಒಂದು ಮನೆ ಇದೆಯಂತೆ, ಇಂಥ ಹೆಂಗಸರನ್ನು ಇಟ್ಟುಕೊಳ್ಳುತ್ತಾರಂತೆ. ಇವರು ಕ್ರಿಶ್ಚಿಯನ್ನರಲ್ಲ. ಸೇರಿಸಿಕೊಳ್ಳುತ್ತಾರಾ? ದುಡ್ಡು ಕೊಡಬೇಕಾ? ಪೊಲೀಸ್ ಕಂಪ್ಲೇಂಟ್ ಆಗಲೇಬೇಕಾ? ಆಮೇಲೆ ನಮ್ಮ ಮನೆಯಲ್ಲೇ ಕೇಳಿದ ಪ್ರಶ್ನೆ, ಮತ ಬದಲಾಯಿಸಿಬಿಡ್ತಾರಾ?

ಅವಳು ನನ್ನನ್ನು ಕೇಳಿದ್ದು ಮಾತ್ರ ಒಂದೇ. "ಅಕ್ಕ, ಮಕ್ಕಳನ್ನೂ ಒಳಗೆ ಬಿಡ್ತಾರಾ?" ಏನು ಹೇಳಬೇಕೋ ತಿಳಿಯದೆ ಚಹಾ ಮಾಡಿ ಕೊಟ್ಟೆ.

ಇಗರ್ಜಿ ಪಕ್ಕದ ಮನೆ

ಬಿಡುತ್ತಾರೆ ತಂಗಿ. ಹಿಂದೂ, ಮುಸ್ಲಿಂ ಎಲ್ಲರೂ ಇರುತ್ತಾರೆ. ನಾನು ಇಂಥ ಒಂದು ಮನೆಗೆ ವಾರಕ್ಕೆರಡು ಸಲ ಹೊಲಿಗೆ ಕಲಿಸಲು ಹೋಗುತ್ತೇನೆ. ಅಲ್ಲಿ ನಮ್ಮವರಿಗಿಂತ ಬೇರೆಯವರೇ ಜಾಸ್ತಿ. ನಮ್ಮ ಜಿಲ್ಲೆಯಲ್ಲಿ ಕ್ರಿಶ್ಚಿಯನ್ನರು ಇರುವುದೇ ಎಷ್ಟು ಜನ ಹೇಳಿ.

ಎಲ್ಲಿ, ಯಾವ ಹೆಸರು ಅಂತ ನಾನು ಇಲ್ಲಿ ಬರೆಯುವುದಿಲ್ಲ. ನೀವು ಹುಡುಕುವುದೂ ಬೇಡ. ಹತ್ತಿರದ ಯಾವುದೇ ಕಾನ್ವೆಂಟಿನ ಗೇಟಿಗೆ ಹೋಗಿ ಸಿಸ್ಟರ್ ಒಬ್ಬರನ್ನು ಕೇಳಿ. ಅವರಲ್ಲಿ ಜಾಗ ಇಲ್ಲದಿದ್ದರೂ ಎಲ್ಲಿ ಇದೆ ಅಂತ ಫೋನು ಮಾಡಿ ತಿಳಿದುಕೊಳ್ಳುತ್ತಾರೆ.

ಮೀನುಪೇಟೆ

ಅದು ಇರುವುದು [ಅಳಿಸಲಾಗಿದೆ]

ನಿರ್ವಾಹಕ

ಮೇಲಿನ ಉತ್ತರದಲ್ಲಿ ಜಾಗದ ಹೆಸರು, ಬಸ್ ಸ್ಟಾಪು, ಗೇಟಿನ ಬಣ್ಣ ಎಲ್ಲ ಇತ್ತು. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ, ಗೊತ್ತು. ಆದರೆ ಇಲ್ಲಿ ಓದುವವರು ಹೆಂಗಸರು ಮಾತ್ರ ಅಲ್ಲ, ಅವರನ್ನು ಹುಡುಕುತ್ತಿರುವ ಗಂಡಂದಿರೂ ಓದುತ್ತಾರೆ. ಯಾವ ಆಶ್ರಯ ಮನೆಯ ವಿಳಾಸವೂ ಇಲ್ಲಿ ಉಳಿಯುವುದಿಲ್ಲ.

ತುರ್ತಿಗೆ 112. ಮಹಿಳಾ ಸಹಾಯವಾಣಿ 181. ಮಕ್ಕಳಿಗೆ 1098. ಇದನ್ನು ಬರೆದುಕೊಳ್ಳಿ.

ನೇರಮಾತು

ಬೇಜಾರಾದರೂ ಹೇಳುತ್ತೇನೆ. ಸಿಸ್ಟರ್‌ಗಳ ಮನೆ ಅಂದರೆ ಪುಕ್ಕಟೆ ಅಲ್ಲ. ಊಟ ಕೊಡುತ್ತಾರೆ, ಆಮೇಲೆ ಪ್ರಾರ್ಥನೆಗೆ ಕೂರಿಸುತ್ತಾರೆ, ಆಮೇಲೆ ಹೆಸರು ಬದಲಾಗುತ್ತದೆ. ಕ್ರಿಶ್ಚಿಯನ್ ಆಗಿ ವಿಧವೆಯರಿಗೆ ಆಶ್ರಯ ಕೊಟ್ಟ ಪಂಡಿತಾ ರಮಾಬಾಯಿ ಕಾಲದಿಂದಲೂ ಇದೇ ಕಥೆ. ಕಷ್ಟದಲ್ಲಿದ್ದವರನ್ನು ಹಿಡಿಯುವುದು ಸುಲಭ. ಮೊದಲು ತವರು ಮನೆ, ಊರಿನ ಹಿರಿಯರು, ಪಂಚಾಯ್ತಿ. ಇವೆಲ್ಲ ಆದ ಮೇಲೆ ಅಲ್ಲಿಗೆ.

ಗಂಗಾವಳಿ ದಂಡೆ

ತವರಿಗೆ ಎರಡು ಸಲ ಹೋಗಿದ್ದಾಳೆ. ಎರಡೂ ಸಲ ಅಣ್ಣನೇ ರಿಕ್ಷಾದಲ್ಲಿ ತಂದು ಬಿಟ್ಟು ಹೋದ. ಹಿರಿಯರು ಕೂತು ಮಾತಾಡಿದ್ದೂ ಆಯಿತು. ಕುಡಿಯುವುದಿಲ್ಲ ಅಂತ ದೇವರ ಮೇಲೆ ಆಣೆ ಹಾಕಿಸಿದರು. ಒಂಬತ್ತು ದಿನ ನಡೆಯಿತು.

ಬಂಗಡೆ ಸಾರು

ನಾನು ಅಂಥ ಮನೆಯಲ್ಲಿ ನಾಲ್ಕು ತಿಂಗಳು ಇದ್ದವಳು. ಇಲ್ಲಿ ಬರೆಯಬೇಕಾ ಬೇಡವಾ ಅಂತ ಎರಡು ದಿನ ಯೋಚಿಸಿದೆ.

ನಾನು ಹೋದದ್ದು ರಾತ್ರಿ ಹತ್ತರ ಮೇಲೆ, ಮಳೆಯಲ್ಲಿ. ನಾಲ್ಕು ವರ್ಷದ ಮಗ ಸೊಂಟದ ಮೇಲೆ. ಕೈಯಲ್ಲಿ ರೇಷನ್ ಚೀಲ, ಅದರಲ್ಲಿ ಅವನ ಎರಡು ಅಂಗಿ. ಗೇಟು ತೆಗೆದ ಸಿಸ್ಟರ್ ನನ್ನ ಹೆಸರು ಕೇಳಲಿಲ್ಲ. "ಅವನ ಹತ್ತಿರ ಗಾಡಿ ಇದೆಯಾ? ಯಾವ ಬಣ್ಣ?" ಅಂತ ಕೇಳಿದರು. ಕಪ್ಪು ಬೈಕು ಅಂದೆ. ಒಳಗೆ ಹೋಗಿ ಕಾವಲಿನವನಿಗೆ ಹೇಳಿ ಬಂದು, ಆಮೇಲೆ ನಮಗೆ ಟವೆಲ್ ಕೊಟ್ಟರು. ಇವರಿಗೆ ಇದು ಹೊಸತಲ್ಲ ಅಂತ ಆಗಲೇ ಅನ್ನಿಸಿತು. ಆ ರಾತ್ರಿ ನನಗೆ ಬೇಕಾಗಿದ್ದು ಅದೇ.

ಮಾರನೇ ದಿನ ರಿಜಿಸ್ಟರಿನಲ್ಲಿ ಬರೆದುಕೊಂಡರು. ಫೋನು ಅವರ ಕಪಾಟಿಗೆ ಹೋಯಿತು. ನನಗೆ ಸಿಟ್ಟು ಬಂತು, ಗಂಡನ ಮನೆಯಲ್ಲೂ ಫೋನಿಲ್ಲ ಇಲ್ಲೂ ಇಲ್ಲವಾ ಅಂತ. ಹಿಂದೆ ಯಾರೋ ಒಬ್ಬಳು ಫೋನಿನಲ್ಲಿ ಜಾಗ ಹೇಳಿಬಿಟ್ಟು ಗಂಡ ಗೇಟು ಒದೆಯಲು ಬಂದಿದ್ದನಂತೆ. ದಿನಕ್ಕೊಮ್ಮೆ ಆಫೀಸಿನ ಫೋನಿನಿಂದ ಅಮ್ಮನ ಹತ್ತಿರ ಮಾತಾಡಬಹುದಿತ್ತು.

ನೇರಮಾತು ಅವರು ಕೇಳಿದ್ದಕ್ಕೆ ಬರುತ್ತೇನೆ. ಸಂಜೆ ಏಳಕ್ಕೆ ತೆರ್ಸ್, ಅಂದರೆ ಜಪಮಾಲೆ. ಬರಬೇಕು ಅಂತ ಇರಲಿಲ್ಲ. ನಾನು ಹೋಗುತ್ತಿದ್ದೆ, ಯಾಕೆ ಅಂದರೆ ಸರಿಯಾಗಿ ತಿರುಗುವ ಫ್ಯಾನು ಆ ಕೋಣೆಯಲ್ಲಿ ಮಾತ್ರ ಇತ್ತು. ಕುಂಕುಮ ತೆಗೆ ಅಂತ ಯಾರೂ ಅನ್ನಲಿಲ್ಲ. ಚೌತಿಗೆ ನಾವು ಮೂವರು ಸೇರಿ ಅಡುಗೆ ಮನೆಯಲ್ಲಿ ಮೋದಕ ಮಾಡಿದೆವು. ಆದರೆ ಇದನ್ನೂ ಹೇಳಲೇಬೇಕು. ನಿಮ್ಮನ್ನು ಕಾಪಾಡಿದವರು "ಸ್ವಲ್ಪ ಹೊತ್ತು ಕೂತುಕೊಳ್ಳಮ್ಮ" ಅಂದರೆ ಇಲ್ಲ ಅನ್ನುವುದು ಕಷ್ಟ. ಅವರು ಒತ್ತಾಯ ಮಾಡದಿದ್ದರೂ ನಮ್ಮೊಳಗೇ ಒಂದು ಹಂಗು ಇರುತ್ತದೆ. ಅದನ್ನು ಅವರೂ ಅರಿತುಕೊಳ್ಳಬೇಕು.

ಮತ್ತೆ ಅದು ಸ್ವರ್ಗವೇನೂ ಅಲ್ಲ. ಒಂದೇ ನಲ್ಲಿಗೆ ಹನ್ನೆರಡು ಬಕೆಟ್. ಬಟ್ಟೆ ಒಣಗಿಸುವ ಹಗ್ಗಕ್ಕೆ ಜಗಳ. ಒಬ್ಬಳ ಮಗು ರಾತ್ರಿಯೆಲ್ಲ ಚೀರುತ್ತಿತ್ತು, ಇನ್ನೊಬ್ಬಳು ನಿದ್ದೆಯಿಲ್ಲದೆ ಹುಚ್ಚಿಯಂತಾಗಿದ್ದಳು. ಮೀನು ವಾರಕ್ಕೊಮ್ಮೆ. ಕಡಲ ತಡಿಯಲ್ಲಿ ಹುಟ್ಟಿದವಳಿಗೆ ಅದು ಎಂಥ ಶಿಕ್ಷೆ! ಈ ಹೆಸರು ಇಟ್ಟುಕೊಂಡದ್ದೇ ಅದಕ್ಕೆ.

ಶಿರಸಿ ಟೀಚರ್

ನಿಮ್ಮ ಕಪ್ಪು ಬೈಕಿನ ಮಾತು ಓದಿ ಮೈ ಜುಮ್ಮೆಂದಿತು.

ರಮಾಬಾಯಿ ಹೆಸರು ಬಂತಲ್ಲ, ಪೂರ್ತಿ ಹೇಳಿಬಿಡೋಣ. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ. 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದರು, ಮರುವರ್ಷ ಪುಣೆಗೆ ಹೋಯಿತು. ವಿಧವೆಯರಿಗೆ ಅದು ಶಾಲೆಯೂ ಹೌದು, ಮನೆಯೂ ಹೌದು. 1893ರಲ್ಲಿ ಮತಾಂತರದ ಗಲಾಟೆ ಎದ್ದಿತು, ಸಲಹೆಗಾರರು ಬಿಟ್ಟು ಹೋದರು, ಎಷ್ಟೋ ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು. ಇಷ್ಟು ಎಲ್ಲರಿಗೂ ಗೊತ್ತು. ಆ ಗಲಾಟೆಗೆ ಕಾರಣ ಇರಲಿಲ್ಲ ಅಂತ ನಾನು ಅನ್ನುವುದಿಲ್ಲ.

ಆದರೆ ಮುಂದೆ ಏನಾಯಿತು ನೋಡಿ. ಹಿಂದೂ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆ ಅದೇ ಸದನದಲ್ಲಿ ಓದಿದ ವಿಧವೆಯನ್ನು ಮದುವೆಯಾದರು, 1896ರಲ್ಲಿ ಪುಣೆಯಲ್ಲಿ ತಾವೇ ವಿಧವೆಯರಿಗೆ ಆಶ್ರಮ ಶುರು ಮಾಡಿದರು. ಬೈದುಕೊಂಡು ಕೂರಲಿಲ್ಲ, ಇನ್ನೊಂದು ಮನೆ ಕಟ್ಟಿದರು. ನೇರಮಾತು ಅವರೇ, ನಮ್ಮ ಜಿಲ್ಲೆಯಲ್ಲಿ ಮಠ ಇವೆ, ದೊಡ್ಡ ದೇವಸ್ಥಾನಗಳಿವೆ, ಅಡಿಕೆ ಸೊಸೈಟಿಗಳಿವೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದರೆ ತೆರೆಯುವ ಒಂದು ಮನೆ ಅವರ್ಯಾರಾದರೂ ಮಾಡಲಿ, ಮೊದಲ ಚಂದಾ ನನ್ನದು.

ನೇರಮಾತು

ಚಂದಾ ಎರಡನೇದು ನನ್ನದು ಇರಲಿ. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. ಅವರನ್ನು ನೋಡುವವರು ಯಾರು? ಗೇಟಿನೊಳಗೆ ಏನು ನಡೆಯುತ್ತದೆ ಅಂತ ಯಾರಿಗೆ ಗೊತ್ತು?

ಇಗರ್ಜಿ ಪಕ್ಕದ ಮನೆ

ಇದು ನ್ಯಾಯವಾದ ಪ್ರಶ್ನೆ. ಕ್ಯಾಥೋಲಿಕ್ ಆಗಿ ನಾನೇ ಹೇಳುತ್ತೇನೆ, ಬಿಳಿ ಸೀರೆ ಕಂಡ ಕೂಡಲೇ ಕೈ ಮುಗಿಯಬೇಡಿ. ಐರ್ಲೆಂಡಿನಲ್ಲಿ ಸಿಸ್ಟರ್‌ಗಳೇ ನಡೆಸುತ್ತಿದ್ದ ಮ್ಯಾಗ್ದಲೀನ್ ಲಾಂಡ್ರಿಗಳಲ್ಲಿ ಹೆಂಗಸರನ್ನು ಬೀಗ ಹಾಕಿ ಸಂಬಳವಿಲ್ಲದೆ ಬಟ್ಟೆ ಒಗೆಸಿದರು. ಕೊನೆಯದು ಮುಚ್ಚಿದ್ದು 1996ರಲ್ಲಿ. 2013ರಲ್ಲಿ ಆ ದೇಶದ ಪ್ರಧಾನಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಬೇಕಾಯಿತು. ಅಲ್ಲೂ ಶುರುವಾದದ್ದು ಆಶ್ರಯ ಅಂತಲೇ.

ಹಾಗಾಗಿ ಸೇರುವ ಮೊದಲು ಇಷ್ಟು ಕೇಳಿ. ನನಗೆ ಬೇಕಾದಾಗ ಹೊರಗೆ ಹೋಗಬಹುದಾ? ನನ್ನ ಕಾಗದಪತ್ರ ಯಾರ ಹತ್ತಿರ ಇರುತ್ತದೆ? ಸರಕಾರದಲ್ಲಿ ನೋಂದಣಿ ಆಗಿದೆಯಾ? ಮಕ್ಕಳನ್ನು ಬೇರೆ ಕಡೆ ಕಳಿಸುವುದಾದರೆ ನನ್ನನ್ನು ಕೇಳುತ್ತೀರಾ? ಒಳ್ಳೆಯ ಮನೆಯವರು ಈ ಪ್ರಶ್ನೆಗೆ ಮುಖ ಸಿಂಡರಿಸುವುದಿಲ್ಲ.

ನನ್ನ ಇನ್ನೊಂದು ಸಿಟ್ಟು ಬೇರೆ ಇದೆ. ಬೇರೆ ಜಾತಿಯ ಹೆಂಗಸು ಬಂದರೆ ಕಾಪಾಡುತ್ತಾರೆ. ಇಗರ್ಜಿಗೆ, ಅಂದರೆ ಚರ್ಚಿಗೆ, ಬರುವ ಹೆಂಗಸೇ ಬಂದರೆ ಏನಾಗುತ್ತದೆ? ನನ್ನ ಅಕ್ಕನಿಗೆ ಆದದ್ದು ಹೇಳುತ್ತೇನೆ. ಮೂರು ಸಲ ಹೋದಳು. ಮೂರು ಸಲವೂ ಫಾದರ್ ಗಂಡನನ್ನು ಕರೆಸಿ, ಇಬ್ಬರ ಕೈ ಜೋಡಿಸಿ, ಶಿಲುಬೆ ಹೊರಬೇಕಮ್ಮ ಅಂತ ಮನೆಗೆ ಕಳಿಸಿದರು. ಇಗರ್ಜಿಯ ಕಾನೂನಿನಲ್ಲೇ, 1153ನೇ ನಿಯಮದಲ್ಲಿ, ಜೀವಕ್ಕೋ ಮನಸ್ಸಿಗೋ ದೊಡ್ಡ ಅಪಾಯ ಇದ್ದರೆ ಬೇರೆ ಇರಬಹುದು ಅಂತ ಇದೆ. 2016ರಲ್ಲಿ ಪೋಪ್ ಫ್ರಾನ್ಸಿಸ್ ಕೂಡ ಹಿಂಸೆ ಇದ್ದಲ್ಲಿ ಬೇರೆಯಾಗುವುದು ಕೆಲವು ಸಲ ನೈತಿಕವಾಗಿಯೇ ಅಗತ್ಯ ಅಂತ ಬರೆದರು. ಅಕ್ಕನಿಗೆ ಇದನ್ನು ಯಾರೂ ಹೇಳಲಿಲ್ಲ. ಕೊನೆಗೆ ಒಬ್ಬ ಸಿಸ್ಟರೇ ಗುಟ್ಟಾಗಿ ವಕೀಲರ ನಂಬರು ಕೊಟ್ಟದ್ದು.

ಕಪ್ಪು ಕೋಟು

ಕುಮಟಾ ಕಡೆ ವಕೀಲಿ ಮಾಡುವವನು. ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಕ್ರಿಶ್ಚಿಯನ್ನರ ವಿಚ್ಛೇದನದ ಕಾನೂನು 1869ರದ್ದು. 2001ರಲ್ಲಿ ತಿದ್ದುಪಡಿ ಆಗುವ ತನಕ ಹೆಂಡತಿಗೆ ಬರೀ ಹೊಡೆತ ಸಾಕಾಗುತ್ತಿರಲಿಲ್ಲ. ಗಂಡನ ಕ್ರೌರ್ಯದ ಜೊತೆ ಅವನ ಅಕ್ರಮ ಸಂಬಂಧವನ್ನೂ ಸಾಬೀತು ಮಾಡಬೇಕಿತ್ತು. ಈಗ ಕ್ರೌರ್ಯ ಒಂದೇ ಸಾಕು.

ಈಗ ಗಂಗಾವಳಿ ದಂಡೆಯವರ ಪ್ರಶ್ನೆ. ಪೊಲೀಸ್ ಕಂಪ್ಲೇಂಟ್ ಇಲ್ಲದೆಯೂ ಅವಳು ಹೋಗಬಹುದು. ಕೌಟುಂಬಿಕ ಹಿಂಸೆಯ ಕಾಯ್ದೆ ಆದದ್ದು 2005ರಲ್ಲಿ, ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ಅದರ ನಿಯಮದಲ್ಲಿ ಸ್ಪಷ್ಟವಾಗಿದೆ, ವರದಿ ದಾಖಲಾಗಿಲ್ಲ ಅನ್ನುವ ಕಾರಣಕ್ಕೆ ಆಶ್ರಯ ಮನೆ ಇಲ್ಲ ಅನ್ನುವಂತಿಲ್ಲ. ಅವಳು ಬೇಡ ಅಂದರೆ ಅವಳು ಅಲ್ಲಿದ್ದಾಳೆ ಅಂತ ಗಂಡನಿಗೆ ತಿಳಿಸುವಂತೆಯೂ ಇಲ್ಲ. ಇದು ಕಾಯ್ದೆಯಡಿ ಗುರುತಿಸಿದ ಮನೆಗಳಿಗೆ. ನೇರಮಾತು ಅವರಿಗೂ ಉತ್ತರ ಇಲ್ಲೇ ಇದೆ, ನೋಂದಣಿ ಇದ್ದರೆ ಸರಕಾರ ಒಳಗೆ ಬಂದು ನೋಡಬಹುದು.

ಪಕ್ಕದ ಮನೆಯವರು ಹೆದರುವುದು ಒಂದಕ್ಕೆ, ನಾಳೆ ನಮ್ಮ ಮೇಲೆ ಕೇಸು ಬಂದರೆ? ಆ ಕಾಯ್ದೆಯ 4ನೇ ಕಲಮು ನಿಮಗಾಗಿಯೇ ಇದೆ. ಹಿಂಸೆ ನಡೆಯುತ್ತಿದೆ ಅಂತ ನಂಬಲು ಕಾರಣ ಇರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಪ್ರಾಮಾಣಿಕವಾಗಿ ತಿಳಿಸಿದವರ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ನಮ್ಮ ರಾಜ್ಯದಲ್ಲಿ ಆ ಅಧಿಕಾರಿ ಅಂದರೆ ತಾಲೂಕಿನ ಸಿಡಿಪಿಒ, ಅದೇ ಅಂಗನವಾಡಿಗಳನ್ನು ನೋಡಿಕೊಳ್ಳುವವರು.

ಮನೆ ಬಿಟ್ಟರೆ ಹಕ್ಕು ಹೋಯಿತು ಅಂತ ಹಳ್ಳಿಯಲ್ಲಿ ಹೇಳುತ್ತಾರೆ. ಸುಳ್ಳು. ಗಂಡನ ಜೊತೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು 17ನೇ ಕಲಮಿನಲ್ಲಿದೆ. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಆ ಹಕ್ಕು ತಾನಾಗಿ ಹೋಗುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂಕೋಲಾದವಳು ಶಿರಸಿಯಲ್ಲಿ ಉಳಿದಿದ್ದರೆ ಶಿರಸಿ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ತಾತ್ಕಾಲಿಕ ವಾಸವೂ ನಡೆಯುತ್ತದೆ. ಗೋವಾಕ್ಕೆ ಮದುವೆಯಾಗಿ ಹೋಗಿ ಕಾರವಾರಕ್ಕೆ ಓಡಿ ಬಂದವರಿಗೂ ಇದೇ. ಕಾಳಿ ಸೇತುವೆ ದಾಟಿ ಈಚೆ ಬಂದ ಮೇಲೆ ಕೇಸಿಗಾಗಿ ಮತ್ತೆ ಆಚೆ ಅಲೆಯಬೇಕಾಗಿಲ್ಲ.

ಫೀಸಿನ ಚಿಂತೆ ಬೇಡ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ತಾಲೂಕು ಕೋರ್ಟಿನಲ್ಲೇ ಆಫೀಸು, ಸಹಾಯವಾಣಿ 15100. ಅರ್ಜಿ ಹಾಕಿದ ಮೂರು ದಿನದೊಳಗೆ ಮೊದಲ ತಾರೀಕು, 60 ದಿನದಲ್ಲಿ ತೀರ್ಮಾನ ಅಂತ ಕೌಟುಂಬಿಕ ಹಿಂಸೆಯ ಕಾಯ್ದೆಯಲ್ಲಿದೆ. ಕಾಯ್ದೆಯಲ್ಲಿ ಅಷ್ಟೇ. 60 ದಿನದಲ್ಲಿ ಮುಗಿದ ಕೇಸು ನಾನಿನ್ನೂ ಕಂಡಿಲ್ಲ. ಅದಕ್ಕೇ ಮೊದಲ ದಿನವೇ ಮಧ್ಯಂತರ ಆದೇಶ ಕೇಳಿ ಅನ್ನುತ್ತೇನೆ. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದ ತನಕ ಜೈಲು ಅಥವಾ 20,000 ರೂಪಾಯಿ ತನಕ ದಂಡ, ಎರಡೂ ಆಗಬಹುದು.

ಆಮೇಲೆ ಆ ಬಾವಿಕಟ್ಟೆ. ಮುಂದೆ ಆಸ್ಪತ್ರೆಗೆ ಹೋದರೆ ದಯವಿಟ್ಟು ನಿಜ ಹೇಳಲಿ. ಆ ಚೀಟಿಯೇ ನಾಳೆ ಸಾಕ್ಷಿ. ಬಾವಿಕಟ್ಟೆಗಳು ಎಷ್ಟು ಹೆಂಗಸರನ್ನು ಬೀಳಿಸಿವೆಯೋ ನಮ್ಮ ಜಿಲ್ಲೆಯಲ್ಲಿ!

ನಿವೃತ್ತ ಗುಮಾಸ್ತ

ಸರಕಾರಿ ಕಚೇರಿಯಲ್ಲಿ ಇದೇ ಕಡತಗಳನ್ನು ಹೊತ್ತವನು ನಾನು. ಎಲ್ಲರೂ ಸಿಸ್ಟರ್‌ಗಳನ್ನೇ ಹಿಡಿದುಕೊಂಡಿದ್ದೀರಿ. ಸರಕಾರದ್ದೂ ಇದೆ. ಜಿಲ್ಲೆಗೊಂದು ಸಖಿ ಕೇಂದ್ರ ಇರುತ್ತದೆ. ಡಾಕ್ಟರು, ಪೊಲೀಸು, ವಕೀಲರು ಮೂವರ ನೆರವೂ ಒಂದೇ ಕಡೆ ಸಿಗಲಿ ಅಂತ 2015ರಲ್ಲಿ ಶುರುವಾದ ಯೋಜನೆ. ಅಲ್ಲಿ ಉಳಿಯುವುದು ಐದು ದಿನದ ಲೆಕ್ಕ. ಆಮೇಲೆ ಸರಕಾರಿ ಯೋಜನೆಯ ಆಶ್ರಯ ಮನೆಗೆ, ಅಂದರೆ ಹಿಂದಿನ ಸ್ವಾಧಾರ ಗೃಹಕ್ಕೆ, ಅದಕ್ಕೆ 2022ರಿಂದ ಶಕ್ತಿ ಸದನ ಅಂತ ಹೆಸರು. ನೊಂದ ಹೆಂಗಸರಿಗೆ ನೆರವಾಗುವ ನಮ್ಮ ರಾಜ್ಯದ ಸಾಂತ್ವನ ಕೇಂದ್ರಗಳನ್ನು ನಡೆಸುವುದೂ ಬಹಳ ಕಡೆ ಸ್ವಯಂಸೇವಾ ಸಂಸ್ಥೆಗಳೇ. ಹಾಗಾಗಿ ಇದು ಸರಕಾರಿ, ಅದು ಚರ್ಚಿನದು ಅಂತ ಗೆರೆ ಎಳೆದ ಹಾಗೆ ಇಲ್ಲ.

ತೊಂದರೆ ಎಲ್ಲಿ ಅಂದರೆ ದೂರ. ಸಿದ್ದಾಪುರದ ಮೂಲೆಯಿಂದ, ಜೊಯಿಡಾದ ಕಾಡಿನಿಂದ ಕಾರವಾರ ಎಷ್ಟು ದೂರ ಅಂತ ನಿಮಗೆ ಗೊತ್ತಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆಗೆ ಗುಡ್ಡ ಕುಸಿದರೆ ಮುಗಿಯಿತು. ಸಿಸ್ಟರ್‌ಗಳು ಹಳಿಯಾಳ, ಮುಂಡಗೋಡದ ಕಡೆಯ ಊರುಗಳಲ್ಲೂ ಇದ್ದಾರೆ. ಅಲ್ಲಿನ ಸಿದ್ದಿ ಸಮುದಾಯದ ಹೆಂಗಸರಿಗೆ ಆಫೀಸಿಗಿಂತ ಸಿಸ್ಟರ್‌ಗಳ ಪರಿಚಯವೇ ಜಾಸ್ತಿ. ಪರಿಚಯದ ಮುಖ ಇದ್ದಲ್ಲಿಗೆ ಹೋಗುತ್ತಾರೆ, ಅಷ್ಟೇ.

ಕೋಡಿಬಾಗ

ಎಲ್ಲರೂ ಹೆಂಗಸರ ಮಾತು ಆಡಿದಿರಿ. ನಾನು ಮಗ. ನಮ್ಮಮ್ಮ ಮನೆ ಬಿಟ್ಟಾಗ ನನಗೆ 13, ತಂಗಿಗೆ 8.

ಆ ಮನೆಯವರು ಅಮ್ಮನನ್ನೂ ತಂಗಿಯನ್ನೂ ಇಟ್ಟುಕೊಂಡರು. ನನ್ನನ್ನು ಇಟ್ಟುಕೊಳ್ಳಲು ಆಗುವುದಿಲ್ಲ ಅಂದರು. ಆಗ ಸರಕಾರದ ಸ್ವಾಧಾರದಲ್ಲಿ ಗಂಡು ಮಕ್ಕಳಿಗೆ ಎಂಟು ವರ್ಷದ ಮಿತಿ ಇತ್ತು, ಈಗ ಶಕ್ತಿ ಸದನದಲ್ಲಿ ಹನ್ನೆರಡು. ಸಿಸ್ಟರ್‌ಗಳ ಮನೆಯಲ್ಲೂ ಹೆಚ್ಚು ಕಡಿಮೆ ಹಾಗೇ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಿ ನನ್ನನ್ನು ಹುಡುಗರ ಹಾಸ್ಟೆಲಿಗೆ ಕಳಿಸಿದರು. ಅಪ್ಪನ ಹೊಡೆತ ತಡೆಯಲು ಅಮ್ಮನ ಮುಂದೆ ನಿಲ್ಲುತ್ತಿದ್ದವನು ನಾನು. ಕೊನೆಗೆ ಗಂಡಸು ಅಂತ ಹೊರಗಿಟ್ಟದ್ದು ನನ್ನನ್ನೇ. ಬಹಳ ವರ್ಷ ಆ ಸಿಟ್ಟು ಇತ್ತು.

ಮೊದಲ ಭಾನುವಾರ ಅಮ್ಮನನ್ನು ನೋಡಲು ಬಿಟ್ಟರು. ಗೇಟಿನೊಳಗೆ ಹೋಗುತ್ತಲೇ "ಅಮ್ಮಾ" ಅಂತ ಜೋರಾಗಿ ಕೂಗಿದೆ. ಆಗಷ್ಟೇ ಗಂಟಲು ಒಡೆದಿತ್ತು. ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ಒಬ್ಬ ಹೆಂಗಸು ಗೆರಸೆ ಬಿಟ್ಟು ಒಳಗೆ ಓಡಿ ಬಾಗಿಲು ಹಾಕಿಕೊಂಡಳು. ಅಕ್ಕಿಯೆಲ್ಲ ಚೆಲ್ಲಿ ಹೋಯಿತು. ನಾನೂ ತಂಗಿಯೂ ಕೂತು ಆರಿಸಿದೆವು. ನಿಯಮ ಯಾಕೆ ಇದೆ ಅಂತ ಅವತ್ತು ಗೊತ್ತಾಯಿತು. ಗೊತ್ತಾದ ಮಾತ್ರಕ್ಕೆ ನೋವು ಕಡಿಮೆ ಆಗಲಿಲ್ಲ.

ಗಂಗಾವಳಿ ಅಕ್ಕ, ನಿಮ್ಮ ಪಕ್ಕದ ಮನೆಯ ಹುಡುಗ ಮೂರನೇ ಕ್ಲಾಸು ಅಂದಿರಿ. ಈಗ ಹೋದರೆ ಅವನು ತಾಯಿಯ ಜೊತೆಗೇ ಇರುತ್ತಾನೆ. ನಾಲ್ಕೈದು ವರ್ಷ ಸಹಿಸಿಕೊಂಡು ಆಮೇಲೆ ಹೋದರೆ ಇರುವುದಿಲ್ಲ. ಅವಳಿಗೆ ಇದೊಂದು ಹೇಳಿ.

ಬಂಗಡೆ ಸಾರು

ತಮ್ಮಾ, ನಿನ್ನ ಮಾತು ಓದಿ ನನ್ನ ಮಗನನ್ನು ಎಬ್ಬಿಸಿ ಮುದ್ದು ಮಾಡಿದೆ. ನಿದ್ದೆಗಣ್ಣಲ್ಲಿ ಬೈದ.

ಶಿರಸಿ ಟೀಚರ್

ಶಾಲೆಯ ವಿಷಯ ನನಗೆ ಬಿಡಿ. ಟಿಸಿ ತರದಿದ್ದರೆ ಸೇರಿಸಿಕೊಳ್ಳುವುದಿಲ್ಲ ಅಂತ ಯಾವ ಶಾಲೆಯಾದರೂ ಅಂದರೆ ಒಪ್ಪಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಟಿಸಿ ತಡವಾಯಿತು ಅಂತ ಪ್ರವೇಶ ನಿರಾಕರಿಸುವಂತಿಲ್ಲ.

ಆದರೆ ಒಂದು ಎಚ್ಚರ. ಮಕ್ಕಳ ವಿವರ ಈಗ ಸ್ಯಾಟ್ಸ್ ಅನ್ನುವ ಸರಕಾರದ ಆನ್‌ಲೈನ್ ಶಾಲಾ ದಾಖಲೆಯಲ್ಲಿ ಇರುತ್ತದೆ. ಹೊಸ ಶಾಲೆಯಿಂದ ಟಿಸಿಗೆ ಕೋರಿಕೆ ಹೋದರೆ ಹಳೆ ಶಾಲೆಗೆ ಗೊತ್ತಾಗುತ್ತದೆ. ಅಪ್ಪ ಅಲ್ಲಿಗೆ ಹೋಗಿ "ನನ್ನ ಮಕ್ಕಳು ಎಲ್ಲಿ ಸೇರಿದ್ದಾರೆ" ಅಂತ ಕೇಳಿದರೆ ಪಾಪ ಹೆಡ್‌ಮಾಸ್ಟರು ಹೇಳಿಬಿಡುತ್ತಾರೆ. ಅವರಿಗೆ ಹಿನ್ನೆಲೆ ತಿಳಿದಿರುವುದಿಲ್ಲ. ಸಿಸ್ಟರೋ ಸಿಡಿಪಿಒ ಅವರೋ ಮೊದಲೇ ಎರಡೂ ಶಾಲೆಯವರ ಹತ್ತಿರ ಮಾತಾಡಿಡಬೇಕು. ನಮ್ಮ ಶಾಲೆಗೇ ಹೀಗೆ ಒಂದು ಹುಡುಗಿ ಬಂದಿದ್ದಳು. ಹಾಜರಿ ಕೂಗುವಾಗ ಇನಿಷಿಯಲ್ ಬಿಟ್ಟು ಹೆಸರು ಮಾತ್ರ ಕೂಗುತ್ತಿದ್ದೆ.

ಕಂಡಕ್ಟರ್

ನಾನು ಬಸ್ಸಿನವನು. ಸಣ್ಣ ವಿಷಯ, ಆದರೂ ಹೇಳುತ್ತೇನೆ. 2023ರ ಜೂನ್ 11ರಿಂದ ಹೆಂಗಸರಿಗೆ ನಮ್ಮ ಬಸ್ಸು ಫ್ರೀ. ಅಂದಿನಿಂದ ಬೆಳಗಿನ ಮೊದಲ ಬಸ್ಸಿನಲ್ಲಿ ಕೈಯಲ್ಲಿ ಚೀಲವಿಲ್ಲದೆ, ಎರಡು ಮಕ್ಕಳ ಜೊತೆ, ಹಿಂದೆ ತಿರುಗಿ ತಿರುಗಿ ನೋಡುತ್ತ ಹತ್ತುವ ಹೆಂಗಸರನ್ನು ಕಂಡಿದ್ದೇನೆ. ನಾವು ಏನೂ ಕೇಳುವುದಿಲ್ಲ.

ಶೂನ್ಯ ಟಿಕೆಟಿಗೂ ಕರ್ನಾಟಕದ ವಿಳಾಸದ ಗುರುತಿನ ಚೀಟಿ ತೋರಿಸಬೇಕು. ಆಧಾರ್ ಗಂಡನ ಪೆಟ್ಟಿಗೆಯಲ್ಲಿದ್ದರೆ ಕೈಯಲ್ಲಿ ಇನ್ನೂರು ರೂಪಾಯಿ ಇರಲಿ. ಇಳಿದ ಮೇಲೆ ಟಿಕೆಟು ಹರಿದು ಬಿಸಾಡಿ. ಎಲ್ಲಿಂದ ಎಲ್ಲಿಗೆ ಅಂತ ಅದರಲ್ಲಿ ಅಚ್ಚಾಗಿರುತ್ತದೆ.

ನೇರಮಾತು

ಕೋಡಿಬಾಗದವರದ್ದು ಓದಿದೆ. ಚರ್ಚಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಮೊದಲು ಹಿರಿಯರು, ಪಂಚಾಯ್ತಿ ಅಂತ ಬರೆದಿದ್ದೆನಲ್ಲ, ಅದನ್ನು ಬಿಡಿ. ನಾಲ್ಕೈದು ವರ್ಷ ಪಂಚಾಯ್ತಿಯಲ್ಲೇ ಹೋಗುತ್ತದೆ.

ಅಂಕೋಲಾದಿಂದ ಅವರನ್ನು ಕರೆದೊಯ್ಯಲು ಗಾಡಿ ಬೇಕಾದರೆ ನನ್ನ ಓಮ್ನಿ ಇದೆ. ಡ್ರೈವರ್ ನನ್ನ ಹೆಂಡತಿಯೇ. ನಿರ್ವಾಹಕರಿಗೆ ನಂಬರು ಕಳಿಸಿದ್ದೇನೆ.

ಇಗರ್ಜಿ ಪಕ್ಕದ ಮನೆ

ದೇವರು ಒಳ್ಳೆಯದು ಮಾಡಲಿ. ಯಾವ ದೇವರು ಅಂತ ಜಗಳ ಬೇಡ ಈಗ.

ಗಂಗಾವಳಿ ತಂಗಿ, ಅವಳು ಹೊರಡುವ ಮೊದಲು ಸ್ವಲ್ಪ ಸ್ವಲ್ಪವಾಗಿ ನಿನ್ನ ಮನೆಗೆ ಕಾಗದ ಸಾಗಿಸಲಿ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ. ಜೆರಾಕ್ಸ್ ಆದರೂ ಸರಿ. ಗೃಹಲಕ್ಷ್ಮಿ 2000 ರೂಪಾಯಿ ಯಾರ ಖಾತೆಗೆ ಬರುತ್ತದೆ ನೋಡು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ ಆಗಿದ್ದರೆ ಅವಳಿಗೆ ಅದು ಇಲ್ಲ, ಆ ಲೆಕ್ಕ ಹಿಡಿಯಬೇಡಿ. ಬಟ್ಟೆಯ ಗಂಟು ಮಾತ್ರ ಕಟ್ಟಿಡಬೇಡಿ. ಎಷ್ಟೋ ಹೆಂಗಸರು ಸಿಕ್ಕಿಬಿದ್ದದ್ದು ಗಂಟಿನಿಂದ. ಮಗನಿಗೆ ಮುಂಚೆ ಹೇಳಬೇಡಿ. ಸಣ್ಣವನು, ಬಾಯಿ ಬಿಟ್ಟುಬಿಡುತ್ತಾನೆ.

ಕಾಳಿ ತೀರ

ಹೋದ ಮೇಲೆ? ನಾಲ್ಕು ತಿಂಗಳು, ಆರು ತಿಂಗಳು. ಆಮೇಲೆ ಎಲ್ಲಿಗೆ? ಇದನ್ನು ಯಾರೂ ಹೇಳುತ್ತಿಲ್ಲ.

ಬಂಗಡೆ ಸಾರು

ಅದೇ ದೊಡ್ಡ ಪ್ರಶ್ನೆ. ಒಳಗಿದ್ದಾಗ ನಲ್ಲಿಗೆ ಜಗಳ ಆಡಿದೆವು, ಹೊರಗೆ ಬಂದ ಮೇಲೆ ಆ ನಲ್ಲಿಯೇ ಎಷ್ಟೋ ವಾಸಿ ಅನ್ನಿಸಿತು. ಒಂಟಿ ಹೆಂಗಸು ಅಂದರೆ ಬಾಡಿಗೆ ಕೋಣೆ ಸಿಗುವುದಿಲ್ಲ. ಗಂಡ ಎಲ್ಲಿ ಅಂತ ಕೇಳುತ್ತಾರೆ. ಏಳು ಮನೆ ತಿರುಗಿದೆ. ಎಂಟನೇ ಕಡೆ ಸಿಸ್ಟರ್ ಬಂದು ಮನೆಯ ಮಾಲೀಕಳ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಬಾಡಿಗೆ ಬರದಿದ್ದರೆ ನನ್ನನ್ನು ಕೇಳಿ ಅಂದರು. ಮಾಲೀಕಳು ಗಟ್ಟಿ ವೈಷ್ಣವ ಮನೆತನದವಳು, ಸಿಸ್ಟರಿಗೆ ಚಹಾ ಬೇರೆ ಲೋಟದಲ್ಲಿ ಕೊಟ್ಟಳು. ಕೋಣೆ ಕೊಟ್ಟಳು.

ಈಗ ಗೋಡಂಬಿ ಕಾರ್ಖಾನೆಗೆ ಹೋಗುತ್ತೇನೆ. ಕೈಯೆಲ್ಲ ಸುಲಿಯುತ್ತದೆ. ಹಾಗೆ ಹೊರಗೆ ಬಂದವರಿಗೆ ಆರು ತಿಂಗಳು ಎರಡು ಕೋಣೆ, ಒಂದು ಕೆಲಸ, ಸಂಜೆ ಮಗುವನ್ನು ನೋಡಿಕೊಳ್ಳಲು ಒಬ್ಬರು. ಇಷ್ಟು ಯಾರಾದರೂ ಮಾಡಿಕೊಟ್ಟರೆ ವಾಪಸು ಗಂಡನ ಹತ್ತಿರ ಹೋಗುವವರು ಅರ್ಧ ಜನ ನಿಲ್ಲುತ್ತಾರೆ ಅಂತ ನನ್ನ ಲೆಕ್ಕ. ನನ್ನ ಜೊತೆಗಿದ್ದ ಇಬ್ಬರು ವಾಪಸು ಹೋದರು. ಹೊಡೆತ ಮರೆತು ಹೋಗಲಿಲ್ಲ ಅವರು. ಬಾಡಿಗೆಗೆ ಹೆದರಿ ಹೋದರು.

ಶಿರಸಿ ಟೀಚರ್

ನೇರಮಾತು ಅವರೇ, ಚಂದಾ ಇದಕ್ಕೆ ಎತ್ತೋಣ. ಮನೆ ಕಟ್ಟುವುದು ಆಮೇಲೆ. ಮೊದಲು ಎರಡು ಕೋಣೆಯ ಬಾಡಿಗೆ.

ನೇರಮಾತು

ಆಗಲಿ. ಲೆಕ್ಕ ನಾನು ಇಡುವುದಿಲ್ಲ, ಹೆಂಡತಿ ಇಡುತ್ತಾಳೆ.

ಗಂಗಾವಳಿ ದಂಡೆ

ಬೇಕಂತಲೇ ತಡವಾಗಿ ಬರೆಯುತ್ತಿದ್ದೇನೆ. ಯಾವ ದಿನ, ಯಾವ ಬಸ್ಸು, ಬಸ್ಸೋ ಓಮ್ನಿಯೋ ಒಂದೂ ಹೇಳುವುದಿಲ್ಲ. ಹೋಗಿದ್ದಾಳೆ. ಮಕ್ಕಳಿಬ್ಬರೂ ಜೊತೆಗಿದ್ದಾರೆ.

ಕೋಡಿಬಾಗದ ತಮ್ಮನ ಮಾತು ಅವಳಿಗೆ ಓದಿ ಹೇಳಿದ್ದೆ. ಅಕ್ಕಿ ಚೆಲ್ಲಿದ ಜಾಗಕ್ಕೆ ಬಂದಾಗ ಸಾಕು ಅಂದಳು. ಎದ್ದು ಹೋದಳು. ಮಾರನೇ ದಿನ ಮಗಳ ಪುಸ್ತಕದ ನಡುವೆ ಆಧಾರ್ ಕಾರ್ಡು ಇಟ್ಟು ಕಳಿಸಿದಳು.

ಅವನು ಬೇಲಿ ಹತ್ತಿರ ಬಂದು ಕೇಳಿದ, ಎಲ್ಲಿ ಅಂತ. ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲ. ಯಾವ ಊರು ಅಂತ ನನಗೂ ಹೇಳಬೇಡ ಅಂದಿದ್ದೆ. ಕಾಲು ನಡುಗುತ್ತಿತ್ತು, ಸೀರೆಯೊಳಗೆ ಕಾಣಲಿಲ್ಲ ಅನ್ನಿಸುತ್ತದೆ. ಸಿಡಿಪಿಒ ಆಫೀಸಿನವರು ಒಂದು ಸಲ ಬಂದು ಹೋಗಿದ್ದಾರೆ. ಆಮೇಲೆ ಅವನು ಈ ಕಡೆ ಬಂದಿಲ್ಲ.

ಅವಳ ಐದು ಕೋಳಿ ನಮ್ಮ ಅಂಗಳಕ್ಕೇ ಬಂದು ಮಲಗುತ್ತಿವೆ. ಒಂದು ಮೊಟ್ಟೆ ಇಡಲು ಶುರು ಮಾಡಿದೆ. ಮೊಟ್ಟೆ ಮಾರಿದ ದುಡ್ಡು ಬೇರೆ ಡಬ್ಬಿಯಲ್ಲಿ ಹಾಕಿಡುತ್ತಿದ್ದೇನೆ.